ಕಿವಿಯ ಮೇಲಿನ ಚಾಕ್‌ಪೀಸು

ಫ್ಲೆಕ್ಸ್ ಮಾಡಿಕೊಟ್ಟವನು ಮೇಷ್ಟ್ರ ಕಿವಿಯ ಮೇಲಿದ್ದ ಚಾಕ್‌ಪೀಸನ್ನು ಅಳಿಸಿಬಿಟ್ಟಿದ್ದ. ಅವನ ತಪ್ಪೇನೂ ಅಲ್ಲ. ಫೋಟೋದಲ್ಲಿ ಕಿವಿಯ ಹತ್ತಿರ ಬೆಳ್ಳಗೆ ಏನೋ ಕಂಡಿದೆ, ಕಲೆ ಇರಬೇಕು ಅಂದುಕೊಂಡು ಕಂಪ್ಯೂಟರಿನಲ್ಲಿ ತಿದ್ದಿದ್ದಾನೆ. ತೀರಿಕೊಂಡವರು ಲಕ್ಷಣವಾಗಿ ಕಾಣಲಿ ಎಂದು ಮಾಡಿದ ಕೆಲಸ. ಹೊಸನಗರ ತಾಲ್ಲೂಕಿನ ನಮ್ಮ ಹೈಸ್ಕೂಲಿನಲ್ಲಿ ಕಳೆದ ತಿಂಗಳು ಶ್ರದ್ಧಾಂಜಲಿ ಸಭೆ ನಡೆದಾಗ ನನ್ನನ್ನು ಆ ಫ್ಲೆಕ್ಸಿನ ಪಕ್ಕದಲ್ಲೇ ಕೂರಿಸಿದ್ದರು. ತಲೆ ತಿರುಗಿಸಿದಾಗಲೆಲ್ಲ ಆ ಬೋಳು ಕಿವಿ ಕಣ್ಣಿಗೆ ಬೀಳುತ್ತಿತ್ತು. ಫೋಟೋದ ಕೆಳಗೆ ಒಂದು ಶ್ಲೋಕ ಬರೆಸಿದ್ದರು. ನಾನು ಈಗ ಬರೆಯಲು ಕೂತಿರುವುದು ಆ ಶ್ಲೋಕದ ದೆಸೆಯಿಂದ, ಮತ್ತು ಅದರ ಬಗ್ಗೆ ಆ ದಿನ ನಾನು ಆಡಿದ ಮಾತಿನ ನಾಚಿಕೆಯಿಂದ.

ಅವರು ವಿಜ್ಞಾನದ ಮೇಷ್ಟ್ರು, ನಾನು ಅದೇ ಶಾಲೆಯ ಕನ್ನಡ ಪಂಡಿತ. ಅವರ ತರಗತಿ ಮುಗಿದು ನನ್ನದು ಶುರುವಾಗುವ ದಿನಗಳಲ್ಲಿ ಬೆಲ್ಲಾದ ಮೇಲೂ ಬಾಗಿಲ ಹೊರಗೆ ನಿಂತು ಕಾಯುವುದು ನನಗೆ ಅಭ್ಯಾಸವಾಗಿಹೋಗಿತ್ತು. ಮೊದಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ ನಾನೂ ಕೇಳಲು ಶುರುಮಾಡಿದೆ. ಅವರದೊಂದು ಪದ್ಧತಿಯಿತ್ತು. ಚಾಕ್‌ಪೀಸು ಕೈಯಲ್ಲಿದ್ದರೆ ಪಾಠ. ಅದನ್ನು ಪೆನ್ಸಿಲ್ ಸಿಕ್ಕಿಸುವ ಬಡಗಿಯ ಹಾಗೆ ಕಿವಿಯ ಮೇಲೆ ಸಿಕ್ಕಿಸಿದರೆ ಕಥೆ. ಸಿಕ್ಕಿಸುವಾಗ ಪ್ರತಿಸಲವೂ ಹೇಳುತ್ತಿದ್ದರು, ಮಕ್ಕಳೇ, ಈಗ ನಾನು ಸುಳ್ಳು ಹೇಳ್ತೀನಿ ಅಂತ. ಗುರುತ್ವಾಕರ್ಷಣೆ ಹೇಳುತ್ತ ಹೇಳುತ್ತ ಚಾಕ್‌ಪೀಸು ಕಿವಿಗೆ ಏರಿದರೆ ಸಾಕು, ಹಿಂದಿನ ಬೆಂಚಿನವರೂ ನೆಟ್ಟಗೆ ಕೂರುತ್ತಿದ್ದರು.

ಕಥೆಯೆಂದರೆ ಒಂದೇ ಕಥೆ, ಚಂದ್ರನಲ್ಲಿಗೆ ಹೋದವರದು. ರಾಕೆಟ್ಟಿನಲ್ಲಿ ಹೋದವರ ಬಗ್ಗೆ ಅವರಿಗೆ ಅಷ್ಟೇನೂ ಆಸಕ್ತಿ ಇರಲಿಲ್ಲ. ಅವರು ದುಡ್ಡು ಖರ್ಚು ಮಾಡಿ ಹೋದ್ರು, ಅದರಲ್ಲೇನಿದೆ, ಅನ್ನುತ್ತಿದ್ದರು. ರಾಕೆಟ್ಟು ಹುಟ್ಟುವ ಎಷ್ಟೋ ಕಾಲದ ಮುಂಚೆ ಬರೀ ಕಾಗದದ ಮೇಲೆ ಹೋಗಿಬಂದವರು ಅವರ ಜನ. ಹೆಬ್ಬಾತುಗಳನ್ನು ಒಂದು ಚೌಕಟ್ಟಿಗೆ ಕಟ್ಟಿ ಅದರ ಮೇಲೆ ಕೂತು ಹೋದವನೊಬ್ಬ. ಸೀಸೆಗಳಲ್ಲಿ ಇಬ್ಬನಿ ತುಂಬಿ ಮೈಗೆಲ್ಲ ಕಟ್ಟಿಕೊಂಡು, ಬಿಸಿಲಿಗೆ ಇಬ್ಬನಿ ಮೇಲೇಳುವಾಗ ಅದರ ಜೊತೆಗೇ ಎದ್ದವನು ಇನ್ನೊಬ್ಬ. ಈ ಇಬ್ಬನಿಯವನ ಕಥೆ ಕೇಳಿ ಒಬ್ಬ ಹುಡುಗಿ, ನಮ್ಮೂರ ಇಬ್ಬನಿ ನಂಬಿದ್ರೆ ಅವನು ಹೊರಡೋದು ಹತ್ತು ಗಂಟೆ ಮೇಲೇ ಸಾರ್, ಅಂದಿದ್ದಳಂತೆ. ಮೇಷ್ಟ್ರು ಅದನ್ನು ಸ್ಟಾಫ್ ರೂಮಿನಲ್ಲಿ ವಾರವೆಲ್ಲ ಹೇಳಿಕೊಂಡು ತಿರುಗಿದರು. ದೊಡ್ಡ ಫಿರಂಗಿಯೊಳಗೆ ಕೂತು ಹಾರಿದವರ ಕಥೆ ಬಂದಾಗ ಮಾತ್ರ ಅರ್ಧಕ್ಕೇ ಕಿವಿಯಿಂದ ಚಾಕ್‌ಪೀಸು ಇಳಿಸಿ, ಹಲಗೆಯ ಮೇಲೆ ವೇಗದ ಲೆಕ್ಕ ಹಾಕಿ, ಫಿರಂಗಿ ಸಿಡಿದ ಗಳಿಗೆಯಲ್ಲೇ ಒಳಗಿದ್ದವರು ಕಾಯಿಚಟ್ನಿಯಾಗುತ್ತಿದ್ದರು ಎಂದು ತೋರಿಸಿ, ಮತ್ತೆ ಚಾಕ್‌ಪೀಸನ್ನು ಕಿವಿಗೇರಿಸಿ, ಆದರೂ ಅವರು ಬದುಕಿದರು ಅಂತ ಮುಂದುವರಿಸುತ್ತಿದ್ದರು.

ಈಗ ವೈಜ್ಞಾನಿಕ ಕಥೆ ಅಂತ ಏನು ಕರೆಯುತ್ತಾರೋ ಅದು ಹುಟ್ಟಿದ್ದು ಇವರಿಂದ ಎಂದು ಅವರ ವಾದ. ನನ್ನ ಹತ್ತಿರ ಅದನ್ನು ಲೆಕ್ಕ ಇರೋ ಸುಳ್ಳು ಅನ್ನುತ್ತಿದ್ದರು. ಬರೀ ಸುಳ್ಳಾದರೆ ಅದು ಅಜ್ಜಿಕಥೆ, ಬರೀ ಲೆಕ್ಕವಾದರೆ ನನ್ನ ಪಾಠ, ಎರಡೂ ಸೇರಿದರೆ ಮಜಾ. ಇವರೆಲ್ಲರಲ್ಲಿ ಅವರಿಗೆ ತುಂಬಾ ಬೇಕಾದವನು ಸುಮಾರು ಎರಡು ಸಾವಿರ ವರ್ಷದ ಹಿಂದೆ ಗ್ರೀಕ್ ಭಾಷೆಯಲ್ಲಿ ಬರೆದವನು. ಅವನ ಹಡಗನ್ನು ಸುಂಟರಗಾಳಿ ಎತ್ತಿಕೊಂಡು ಹೋಗಿ ಚಂದ್ರನ ಮೇಲೆ ಇಳಿಸಿತಂತೆ. ಮೇಷ್ಟ್ರಿಗೆ ಹಡಗಿಗಿಂತ ಹಿಡಿಸಿದ್ದು ಬೇರೆ. ಅವನು ಕಥೆಗೆ ಮುಂಚೆಯೇ, ತಾನು ಹೇಳಲಿರುವುದೆಲ್ಲ ಸುಳ್ಳು, ಯಾರೂ ನಂಬಬೇಡಿ ಎಂದು ಒಪ್ಪಿಕೊಂಡಿದ್ದನಂತೆ. ಮೇಷ್ಟ್ರು ಕಿವಿಯ ಮೇಲೆ ಚಾಕ್‌ಪೀಸು ಇಡುವುದನ್ನು ಕಲಿತದ್ದು ಅವನಿಂದಲೇ ಎಂದು ನನ್ನ ಊಹೆ.

ಒಂದು ಕಥೆ ಹೇಳುವಾಗ ಮಾತ್ರ ಅವರ ದನಿ ಇಳಿಯುತ್ತಿತ್ತು. ಗ್ರಹಗಳ ಚಲನೆಯನ್ನು ಕಂಡುಹಿಡಿದ ದೊಡ್ಡ ಗಣಿತಜ್ಞನೊಬ್ಬ ಚಂದ್ರಯಾನದ ಕಥೆಯನ್ನೂ ಬರೆದಿದ್ದ. ಅದರಲ್ಲಿ ಗಿಡಮೂಲಿಕೆ ಬಲ್ಲ ತಾಯಿ ಭೂತಗಳನ್ನು ಕರೆದು ಮಗನಿಗೆ ಚಂದ್ರನ ದಾರಿ ತೋರಿಸುತ್ತಾಳೆ. ಹಸ್ತಪ್ರತಿ ಯಾರದೋ ಕೈಗೆ ಸಿಕ್ಕಿ, ಜನ ಅದನ್ನು ನಿಜವೆಂದು ಓದಿಕೊಂಡರು. ಅವನ ನಿಜವಾದ ತಾಯಿಯ ಮೇಲೆ ಮಾಟಗಾತಿ ಎಂದು ದೂರು ಬಂದು ಮುದುಕಿಯನ್ನು ಸೆರೆಯಲ್ಲಿಟ್ಟರು. ತನ್ನ ಕಥೆಯಿಂದಲೇ ಹೀಗಾಯಿತೆಂದು ಆತ ಕೊನೆಯವರೆಗೂ ಕೊರಗಿದನಂತೆ. ಇದನ್ನು ಹೇಳಿ ಮೇಷ್ಟ್ರು, ಕಥೇನ ಕಥೆ ಅಂತ ಕೇಳದೇ ಹೋದ್ರೆ ಯಾರಿಗಾದ್ರೂ ಪೆಟ್ಟು ಬೀಳತ್ತೆ ಮಕ್ಕಳೇ, ಅನ್ನುತ್ತಿದ್ದರು. ಮಕ್ಕಳು ಅಷ್ಟು ಹೊತ್ತಿಗೆ ಬೆಲ್ಲಿಗೆ ಕಾಯುತ್ತಿರುತ್ತಿದ್ದರು.

ನಾವಿಬ್ಬರೂ ಹತ್ತಿರವಾದದ್ದು ಶಾಲೆಯಿಂದಲ್ಲ, ತಾಳಮದ್ದಳೆಯಿಂದ. ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ, ಬೇರೆಯವರಿಗಾಗಿ ಹೇಳುತ್ತೇನೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಸುತ್ತ ಕೂತ ಅರ್ಥಧಾರಿಗಳು ಒಂದೊಂದು ಪಾತ್ರವಾಗಿ ಆ ಕ್ಷಣಕ್ಕೆ ತೋಚಿದ ಮಾತಿನಲ್ಲಿ ವಾದ ಮಾಡುತ್ತಾರೆ. ಬರೆದಿಟ್ಟುಕೊಂಡು ಓದುವ ಹಾಗಿಲ್ಲ. ಎದುರಿನವನು ಎತ್ತ ಎಳೆಯುತ್ತಾನೋ ಅತ್ತ ಹೋಗಿ ಅಲ್ಲಿಂದಲೇ ಅವನನ್ನು ಕೆಡವಬೇಕು. ನಮ್ಮದು ಹವ್ಯಾಸಿ ಸಂಘ, ಸಾಗರ, ಹೊಸನಗರದ ಆಸುಪಾಸಿನಲ್ಲಿ ಕರೆದಲ್ಲಿ ಹೋಗುತ್ತಿದ್ದೆವು. ಮೇಷ್ಟ್ರದು ದೊಡ್ಡ ದನಿಯಲ್ಲ. ಆದರೆ ಚಿಕ್ಕಂದಿನಲ್ಲಿ ಕಲಿತ ಸಂಸ್ಕೃತ ನಾಲಿಗೆಯ ತುದಿಯಲ್ಲಿತ್ತು. ಕಣ್ಣು ಮುಚ್ಚಿ, ಪಂಚೆಯ ಅಂಚಿನಿಂದ ಕನ್ನಡಕ ಒರೆಸುತ್ತ ಅವರು ಮಾತಿಗೆ ತೊಡಗಿದರೆ ಎದುರು ಕೂತ ನನಗೆ ಇನ್ನು ಉಳಿಗಾಲವಿಲ್ಲ ಎಂದು ಗೊತ್ತಾಗುತ್ತಿತ್ತು.

ನಮ್ಮ ದೇಶದ ನೌಕೆ ಚಂದ್ರನ ಮೇಲೆ ಇಳಿಯಿತಲ್ಲ, ಆ ವರ್ಷ ಶಾಲೆಯಲ್ಲಿ ಒಂದು ವಿಶೇಷ ಕೂಟ ಇಟ್ಟುಕೊಂಡೆವು. ಮೇಷ್ಟ್ರು ತಾವೇ ಹೊಸ ಪ್ರಸಂಗ ಕಟ್ಟಿದ್ದರು. ಚಂದ್ರನ ಆಸ್ಥಾನ. ಇಲ್ಲಿಗೆ ಮೊದಲು ಬಂದ ಭೂಲೋಕದವನು ಯಾರೋ ಅವನಿಗೆ ಚಂದ್ರ ಒಂದು ಪೀಠ ಇಟ್ಟಿದ್ದಾನೆ. ಹಡಗಿನ ಗ್ರೀಕನನ್ನು ಯವನ ಎಂದು ಕರೆದು ಆ ಪಾತ್ರ ನನಗೆ ಕೊಟ್ಟಿದ್ದರು. ಚಂದ್ರ ಅವರೇ. ನಾನು ಬಂದು ಹಕ್ಕು ಸಾಧಿಸಬೇಕು, ಚಂದ್ರ ನಾನಾ ಪ್ರಶ್ನೆ ಹಾಕಿ ಕೊನೆಗೆ, ಬಂದವರೆಲ್ಲ ಸುಳ್ಳು ಹೇಳಿದರು, ಸುಳ್ಳೆಂದು ಒಪ್ಪಿಕೊಂಡು ಹೇಳಿದವನು ನೀನೊಬ್ಬನೇ, ಅದಕ್ಕೇ ಪೀಠ ನಿನಗೆ ಎಂದು ನನ್ನನ್ನು ಕೂರಿಸಬೇಕು. ಈ ಕೊನೆಯ ಮಾತಿಗಾಗಿಯೇ ಅವರು ಪ್ರಸಂಗ ಕಟ್ಟಿದ್ದು. ವಾರಗಟ್ಟಲೆ ಅದನ್ನೇ ಹೇಳಿ ಖುಷಿಪಟ್ಟಿದ್ದರು.

ಅವತ್ತು ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ನಾನೂ ಚೆನ್ನಾಗಿಯೇ ಮಾತಾಡಿದೆ. ಚಂದ್ರ ಇನ್ನೇನು ಪೀಠ ಕೊಡಬೇಕು, ಮುಂದಿನ ಸಾಲಿನಲ್ಲಿದ್ದ ಒಬ್ಬ ಹಿರಿಯರು ಪಕ್ಕದವರಿಗೆ ಹೇಳುವ ಹಾಗೆ, ಆದರೆ ಎಲ್ಲರಿಗೂ ಕೇಳುವ ಹಾಗೆ ಅಂದರು.

"ಹಂಗಾರೆ ನಮ್ಮೋರು ಯಾರೂ ಹೋಗೇ ಇಲ್ವಾ?"

ಜನ ನಕ್ಕರು. ನಗುವಿನ ಹಿಂದೆಯೇ ಸಭೆ ಒಂದು ಥರ ಬಿಗಿಯಿತು. ನಮ್ಮ ನೌಕೆ ಇಳಿದು ಎಲ್ಲರ ಎದೆ ಉಬ್ಬಿದ್ದ ಸಮಯ. ಅಂಥ ಹೊತ್ತಿನಲ್ಲಿ ನಾವು ಪೀಠದ ಮೇಲೆ ಪರದೇಶದವನನ್ನು ಕೂರಿಸಲು ಹೊರಟಿದ್ದೆವು. ಮೇಷ್ಟ್ರು ಕಣ್ಣು ಮುಚ್ಚಿದರು. ಕನ್ನಡಕ ಒರೆಸಿದರು. ಎಲೈ ಯವನ, ನಿಲ್ಲು, ನಿನಗಿಂತ ಮೊದಲು ಇಲ್ಲಿಗೆ ಒಬ್ಬ ಬಂದಿದ್ದ, ಶರಾವತಿಯ ಅಂಬಿಗ, ಅವನ ಮಾತು ಪ್ರಾಚೀನರಲ್ಲಿ ಹೀಗಿದೆ ಎಂದು ಒಂದು ಶ್ಲೋಕ ಹೇಳಿದರು.

ಪೂರ್ಣಿಮಾಯಾಂ ಶರಾವತ್ಯಾಂ ದೃಷ್ಟ್ವಾ ಬಿಂಬಂ ಮಹಾಜಲೇ |
ನಾವಿಕಶ್ಚಂದ್ರಮಾರ್ಗೇಣ ಜಗಾಮ ಶಶಿಮಂಡಲಮ್ ||

ಹುಣ್ಣಿಮೆಯ ದಿನ ಶರಾವತಿಯ ಮಹಾಜಲದಲ್ಲಿ ಚಂದ್ರನ ಬಿಂಬವನ್ನು ಕಂಡ ಅಂಬಿಗ, ಬೆಳದಿಂಗಳು ನೀರಿನ ಮೇಲೆ ಬಿಡಿಸಿದ ದಾರಿಯಲ್ಲಿ ದೋಣಿ ನಡೆಸುತ್ತ ಚಂದ್ರಮಂಡಲವನ್ನೇ ಸೇರಿದ. ಅರ್ಥ ಇಷ್ಟೇ. ಆದರೆ ಅವರು ಅದನ್ನು ಹೇಳಿದ ರೀತಿ ಬೇರೆ. ನೀರಿಗೆ ಬೀಳುವ ಹುಟ್ಟಿನ ಸದ್ದು, ದಾರಿ ಮುಗಿಯುವಲ್ಲಿ ನೀರು ಎಲ್ಲಿ ಆಕಾಶ ಎಲ್ಲಿ ಎಂದು ತಿಳಿಯದೆ ಹೋದದ್ದು, ದೋಣಿಯ ತಳ ಒದ್ದೆಯಾಗಿಯೇ ಇದ್ದದ್ದು. ಅದು ಮುಗಿಯುವ ಮೊದಲೇ ನಮ್ಮ ಭಾಗವತರು, ಎಪ್ಪತ್ತು ದಾಟಿದ ಹಿರಿಯರು, ಆ ಶ್ಲೋಕವನ್ನು ಎತ್ತಿಕೊಂಡು ಮಧ್ಯಮಾವತಿ ರಾಗದಲ್ಲಿ ಹಾಡಿಬಿಟ್ಟರು. ಹಾಡಿದ ಮೇಲೆ ಇನ್ನೇನು ಉಳಿಯಿತು. ನಮ್ಮಲ್ಲಿ ಭಾಗವತರ ಬಾಯಲ್ಲಿ ಬಂದದ್ದಕ್ಕೆ ಯಾರೂ ಆಕರ ಕೇಳುವುದಿಲ್ಲ. ಸಭೆ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಯವನನಾಗಿದ್ದ ನಾನು ಸೋಲೊಪ್ಪಿ ಖಾಲಿ ಪೀಠಕ್ಕೆ ಕೈಮುಗಿದೆ. ನಿಜಕ್ಕೂ ಮುಗಿದೆ, ನನ್ನ ಕಣ್ಣೂ ಒದ್ದೆಯಾಗಿತ್ತು.

ಆ ರಾತ್ರಿ ಅವರ ಮನೆಯಲ್ಲಿ ಊಟಕ್ಕೆ ಕೂತಾಗ ಅವರ ಹೆಂಡತಿ, ನಾವೆಲ್ಲ ಅಕ್ಕ ಎಂದು ಕರೆಯುವವರು, ಒಂದು ಮಾತು ಕೇಳಿದರಂತೆ. ಅಕ್ಕನ ತವರು ಶರಾವತಿಯ ದಂಡೆಯದು, ಅಣೆಕಟ್ಟು ಕಟ್ಟಿದಾಗ ಮುಳುಗಿದ ಊರು. ನಮ್ಮಪ್ಪ ಬೇಸಿಗೆಯಲ್ಲಿ ಪಂಚೆ ಎತ್ತಿ ಕಟ್ಟಿಕೊಂಡು ದಾಟ್ತಿದ್ದ ಹೊಳೆ, ಅದರಲ್ಲಿ ಮಹಾಜಲ ಎಲ್ಲಿತ್ತು, ಆ ನೀರು ಬಂದಿದ್ದು ನಿನ್ನೆ ಮೊನ್ನೆ ಅಲ್ದಾ, ಅಂತ. ಅಷ್ಟೇ. ಸಭೆಯಲ್ಲಿ ಮುಳುಗಡೆಯ ಮನೆಗಳವರು ಎಷ್ಟೋ ಜನ ಇದ್ದರು. ಯಾರಿಗೂ ಅದು ಹೊಳೆದಿರಲಿಲ್ಲ, ಹೊಳೆಯುವುದು ಯಾರಿಗೂ ಬೇಕಿರಲಿಲ್ಲ. ಮೇಷ್ಟ್ರು ತಟ್ಟೆಯಲ್ಲೇ ಕೈತೊಳೆದು ಎದ್ದರಂತೆ.

ಸೋಮವಾರ ಶಾಲೆ ಬಿಟ್ಟ ಮೇಲೆ, ಸಾಗರದಲ್ಲಿ ಸ್ವಲ್ಪ ಕೆಲಸ ಇದೆ ಎಂದು ನನ್ನ ಜೊತೆ ನನ್ನೂರ ಬಸ್ ಹತ್ತಿದರು. ದಾರಿಯುದ್ದಕ್ಕೂ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದರು. ಸಾಗರದ ಸ್ಟ್ಯಾಂಡಿನಲ್ಲಿ ಇಳಿದ ಮೇಲೆ ಅಂದರು.

"ಪಂಡಿತ್ರೇ, ಆ ಶ್ಲೋಕ ಎಲ್ಲೂ ಇಲ್ಲ. ನಾನು ಕೂತಲ್ಲೇ ಕಟ್ಟಿದ್ದು."

ನಾನು ನಕ್ಕೆ. ತಾಳಮದ್ದಳೆಯಲ್ಲಿ ಅದೆಲ್ಲ ಇದ್ದದ್ದೇ, ಯಾರು ಕಟ್ಟಿಲ್ಲ ಹೇಳಿ, ಅಂದೆ. ಅವರು ನಗಲಿಲ್ಲ. ಅವತ್ತು ನನ್ನ ಕಿವಿ ಮೇಲೆ ಚಾಕ್‌ಪೀಸು ಇರ್ಲಿಲ್ಲ, ಅಂದರು. ಹಿಂದೊಮ್ಮೆ ಪರದೇಶದ ಪತ್ರಿಕೆಯೊಂದು ಚಂದ್ರನ ಮೇಲೆ ಬಾವಲಿ ರೆಕ್ಕೆಯ ಮನುಷ್ಯರು ಕಂಡರು ಎಂದು ಸುದ್ದಿಯಾಗಿಯೇ ಅಚ್ಚು ಹಾಕಿ, ಜನ ನಂಬಿ ಮುಗಿಬಿದ್ದು ಕೊಂಡಿದ್ದರಂತೆ. ಆ ಪತ್ರಿಕೆಯವನನ್ನು ಕಂಡರೆ ಮೇಷ್ಟ್ರಿಗೆ ಆಗುತ್ತಿರಲಿಲ್ಲ. ನಾನೂ ಅವನ ಸಾಲಿಗೆ ಸೇರಿಬಿಟ್ಟೆ, ಪೀಠದ ಮೇಲೆ ಕೂರಬೇಕಿದ್ದ ಮನುಷ್ಯನ್ನ ಚಪ್ಪಾಳೆ ಆಸೆಗೆ ಎಬ್ಬಿಸಿ ಕಳಿಸಿದೆ, ಎಂದು ಹೇಳಿ, ಅದೇ ಬಸ್ಸು ಹೊರಡುವಾಗ ಹತ್ತಿ ಹೊಸನಗರಕ್ಕೆ ವಾಪಸ್ ಹೋದರು. ಸಾಗರದಲ್ಲಿ ಅವರಿಗೆ ಬೇರೆ ಕೆಲಸವೇನೂ ಇರಲಿಲ್ಲ.

ಮುಂದಿನದೆಲ್ಲ ಅವರು ಆ ಸುಳ್ಳನ್ನು ವಾಪಸ್ ಪಡೆಯಲು ಪಟ್ಟ ಪಾಡು. ಹೇಳಿದರೆ ನಗು ಬರುತ್ತದೆ, ನಾನೂ ನಕ್ಕಿದ್ದೇನೆ. ಭಾಗವತರಲ್ಲಿಗೆ ಹೋಗಿ ಹೇಳಿದರೆ ಅವರು, ಆ ಹೊತ್ತಿಗೆ ಸರಸ್ವತಿ ನಾಲಿಗೆ ಮೇಲೆ ಬಂದಿದ್ದು, ಅದನ್ನ ನಿಮ್ಮದು ಅಂತೀರಲ್ಲ, ಎಂದು ಇವರಿಗೇ ಗದರಿದರು. ಶಾಲೆಯ ಪ್ರಾರ್ಥನೆಯಲ್ಲಿ ನಿಂತು, ಮಕ್ಕಳೇ ಅದು ಹಳೆಯ ಶ್ಲೋಕ ಅಲ್ಲ, ನಾನು ಕಟ್ಟಿದ್ದು, ಅಂದರು. ಹೆಡ್‌ಮಾಸ್ಟರು ಮೈಕು ತೆಗೆದುಕೊಂಡು, ವಿನಯ ಅಂದರೆ ಇದು, ಕಲಿತುಕೊಳ್ಳಿ, ಅಂದರು. ಅಷ್ಟರಲ್ಲಿ ಯಾರೋ ತೆಗೆದ ವಿಡಿಯೋ ಫೋನಿಂದ ಫೋನಿಗೆ ಹರಿದು, ಚಂದ್ರಯಾನ ಮೊದಲು ಮಾಡಿದ್ದು ಮಲೆನಾಡಿಗರು ಎಂಬ ತಲೆಬರಹ ಹೊತ್ತು ನಮಗೇ ವಾಪಸ್ ಬಂತು. ಅದರ ಕೆಳಗೆ ಮೇಷ್ಟ್ರು, ಇದು ನಿಜವಲ್ಲ, ಕಲ್ಪನೆ ನನ್ನದು ಎಂದು ಬರೆದರು. ಉತ್ತರವಾಗಿ ಸಾಲುಸಾಲು ಕೈಮುಗಿದ ಚಿತ್ರಗಳು ಬಂದವು.

ತೀರ್ಥಹಳ್ಳಿಯ ಕಡೆಯ ಒಬ್ಬ ಭಾಷಣಕಾರರು ಆ ಶ್ಲೋಕ ತಾಳೆಗರಿಯಲ್ಲಿದೆ, ನಾನು ಕಣ್ಣಾರೆ ಕಂಡಿದ್ದೇನೆ ಎಂದು ಎಲ್ಲೋ ಹೇಳಿದರಂತೆ. ಮೇಷ್ಟ್ರು ಒಂದು ಭಾನುವಾರ ಬಸ್ ಹತ್ತಿ ಅಲ್ಲಿಗೂ ಹೋದರು. ಆ ಮಹಾಶಯರು ಕಾಫಿ ಕೊಟ್ಟು, ಗರಿ ಗೆದ್ದಲು ಹಿಡಿದು ಹೋಯಿತು ಎಂದು ಬೇಸರಪಟ್ಟುಕೊಂಡರು. ನಾನು ಕಟ್ಟಿದ್ದು ಸ್ವಾಮಿ, ಅಂದರೆ, ಇರಬಹುದು, ಪೂರ್ವಜನ್ಮದಲ್ಲಿ ಓದಿರ್ತೀರಿ, ಅಂದರು. ಮಾರನೆಯ ದಿನ ಸ್ಟಾಫ್ ರೂಮಿನಲ್ಲಿ ಇದನ್ನು ಹೇಳುತ್ತ ಮೇಷ್ಟ್ರು, ಸುಳ್ಳು ಹೇಳಿದ್ದು ನಾನು, ಅದಕ್ಕೆ ಸಾಕ್ಷಿ ಹೇಳೋರು ಎಷ್ಟು ಜನ ನೋಡಿ, ಅಂದರು. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಮೇಲೆ ಗಮನಿಸಿದರೆ ಅವರು ತರಗತಿಯಲ್ಲಿ ಚಾಕ್‌ಪೀಸನ್ನು ಕಿವಿಗೆ ಏರಿಸುವುದನ್ನೇ ಬಿಟ್ಟಿದ್ದರು. ಬೆಲ್ಲಾದ ಕೂಡಲೇ ಹೊರಗೆ ಬರುತ್ತಿದ್ದರು. ನಿವೃತ್ತಿಯಾಗುವವರೆಗೂ ಹಾಗೇ. ಮಕ್ಕಳಿಗೆ ಹೆಬ್ಬಾತು, ಇಬ್ಬನಿ ಯಾವುದೂ ಸಿಗಲಿಲ್ಲ.

ನಿವೃತ್ತಿಯ ಮೇಲೆ ಒಮ್ಮೆ ಸಿಗಂದೂರಿಗೆ ಹೋಗಿಬರುವ ನೆಪದಲ್ಲಿ ಇಬ್ಬರೂ ಹೊಳೆಬಾಗಿಲಿಗೆ ಹೋಗಿದ್ದೆವು. ಆಗಿನ್ನೂ ಸೇತುವೆ ಆಗಿರಲಿಲ್ಲ, ಜನ ಲಾಂಚಿಗೆ ಕಾಯುತ್ತಿದ್ದರು. ಸಂಜೆ ತಿರುಗಿ ಬರುವಾಗ ಶರಾವತಿಯ ಹಿನ್ನೀರಿನ ಮೇಲೆ ಚಂದ್ರ ಹುಟ್ಟಿ, ಅವರು ಶ್ಲೋಕದಲ್ಲಿ ಹೇಳಿದ್ದ ದಾರಿ ನಮ್ಮ ಕಾಲ ಬುಡದವರೆಗೂ ಬಂದು ಬಿದ್ದಿತ್ತು. ನಾನು ಸುಮ್ಮನೆ ಅವರ ಮುಖ ನೋಡಿದೆ. ಅವರು ಎದೆ ನೀವಿಕೊಳ್ಳುತ್ತ ನಿಂತಿದ್ದರು. ಹೃದಯದ ತೊಂದರೆ ಆಗಲೇ ಶುರುವಾಗಿತ್ತು.

"ನಾನು ಹೇಳಿದ್ರೆ ವಿನಯ ಅಂತಾರೆ. ಸತ್ತವನಿಗೆ ವಿನಯ ಎಲ್ಲಿಂದ ಬರತ್ತೆ. ನಾನು ಹೋದ ಮೇಲೆ ಹೆಂಗೂ ಒಂದು ಸಭೆ ಮಾಡ್ತಾರಲ್ಲ, ಅವತ್ತು ನೀವು ಹೇಳ್ಬೇಕು ಪಂಡಿತ್ರೇ. ಆ ಶ್ಲೋಕದ ಎದುರಿಗೆ ಕೂತು ಸೋತವರು ನೀವು. ನಿಮ್ಮ ಮಾತು ನಂಬ್ತಾರೆ."

ಹೇಳುತ್ತೇನೆ ಎಂದೆ. ಕೈ ಚಾಚಿದರು, ಕೈ ಮೇಲೆ ಕೈಯಿಟ್ಟು ಮಾತು ಕೊಟ್ಟೆ.

ಸಭೆಗೆ ಹೋಗುವಾಗ ಜೇಬಿನಲ್ಲಿ ಒಂದು ಚಾಕ್‌ಪೀಸು ಇಟ್ಟುಕೊಂಡಿದ್ದೆ. ಅದನ್ನು ಎತ್ತಿ ತೋರಿಸಿ ಮಾತು ಶುರುಮಾಡುವುದು ಎಂದು ಬಸ್ಸಿನಲ್ಲೇ ಎಲ್ಲ ಹೊಂದಿಸಿಕೊಂಡಿದ್ದೆ. ಅಲ್ಲಿ ನೋಡಿದರೆ ಮೊದಲಿಗೇ ಭಾಗವತರನ್ನು ಇಬ್ಬರು ಹಿಡಿದು ವೇದಿಕೆಗೆ ತಂದರು. ಅವರು ಕೂತಲ್ಲೇ ಆ ಶ್ಲೋಕವನ್ನು ಮತ್ತೆ ಮಧ್ಯಮಾವತಿಯಲ್ಲಿ ಹಾಡಿ, ಮುಗಿಸಲಾಗದೆ ಅತ್ತರು. ಹಳೆಯ ವಿದ್ಯಾರ್ಥಿಗಳ ಪರವಾಗಿ ಒಬ್ಬರು ಎದ್ದು, ಮಲೆನಾಡಿನ ಈ ಪ್ರಾಚೀನ ಶ್ಲೋಕವನ್ನು ಲೋಕಕ್ಕೆ ತೋರಿಸಿಕೊಟ್ಟ ಗುರುಗಳ ನೆನಪಿಗೆ ಅದನ್ನು ಕರಿಕಲ್ಲಿನಲ್ಲಿ ಕೆತ್ತಿಸಿ ಶಾಲೆಯ ಗೇಟಿನ ಪಕ್ಕ ನಿಲ್ಲಿಸುತ್ತೇವೆ ಎಂದು ಘೋಷಿಸಿದರು. ಕಲ್ಲು ಆಗಲೇ ಗೊತ್ತುಮಾಡಿ ಆಗಿತ್ತು. ಆಮೇಲೆ ನನ್ನ ಹೆಸರು ಕರೆದರು. ಗುರುಗಳ ಒಡನಾಡಿಗಳು, ಅವತ್ತಿನ ಯವನ, ಅವರೇ ಈ ಶ್ಲೋಕದ ಅರ್ಥವನ್ನು ಇನ್ನೊಮ್ಮೆ ಹೇಳಬೇಕು ಎಂದರು.

ಎದ್ದು ನಿಂತೆ. ಜೇಬಿಗೆ ಕೈ ಹಾಕಿದೆ. ಮುಂದಿನ ಸಾಲಿನಲ್ಲಿ ಅಕ್ಕ ಕೂತಿದ್ದರು, ನನ್ನನ್ನೇ ನೋಡುತ್ತಿದ್ದರು. ಈ ಹೆಂಗಸಿನ ಎದುರಿಗೆ, ಗಂಡ ಹೋಗಿ ಇನ್ನೂ ತಿಂಗಳಾಗಿಲ್ಲ, ನಿನ್ನ ಗಂಡ ಹೇಳಿದ್ದು ಸುಳ್ಳು ಎಂದು ಹೇಗೆ ಹೇಳಲಿ ಅನ್ನಿಸಿತು. ಸೋತವನು ಸತ್ತವನ ಮೇಲೆ ಸೇಡು ತೀರಿಸಿಕೊಂಡ ಎಂದು ಜನ ಆಡಿಕೊಳ್ಳುತ್ತಾರೆ ಎಂದೂ ಅನ್ನಿಸಿತು. ಇವೆಲ್ಲ ಆಗ ಹೊಳೆದ ಕಾರಣಗಳು. ನಿಜ ಹೇಳುವುದಾದರೆ ಇವು ಯಾವುವೂ ಅಲ್ಲ. ಸಭೆ ತುಂಬಿತ್ತು, ನಿಶ್ಶಬ್ದವಾಗಿತ್ತು, ನನ್ನ ಬಾಯಿಂದ ಒಂದು ಮಾತಿಗಾಗಿ ಕಾಯುತ್ತಿತ್ತು. ನಾನು ಅರ್ಥಧಾರಿ. ಹುಣ್ಣಿಮೆಯ ದಿನ, ಎಂದು ಶುರುಮಾಡಿದೆ. ಅಂಬಿಗ ಬಂದ, ಹುಟ್ಟಿನ ಸದ್ದು ಬಂತು. ಮೇಷ್ಟ್ರು ಅಂದು ಹೇಳಿರದ ಎರಡು ಮೂರು ವಿವರಗಳನ್ನು ನನ್ನದೇ ಕಡೆಯಿಂದ ಸೇರಿಸಿದೆ. ನಮ್ಮ ಪೂರ್ವಜರು, ಎಂದು ಕೂಡ ಅಂದೆ. ಚಪ್ಪಾಳೆ ಬಿತ್ತು. ಆ ಚಪ್ಪಾಳೆ ಬೀಳುವಾಗ ನನಗೆ ಹಿತವಾಯಿತು, ಅದನ್ನು ಬರೆಯದೆ ಬಿಟ್ಟರೆ ಈ ಬರಹವೂ ಸುಳ್ಳಾಗುತ್ತದೆ. ಅಂದು ಮೇಷ್ಟ್ರು ಜಾರಿದ್ದು ಹೇಗೆ ಎಂದು ನನಗೆ ಪೂರ್ತಿ ತಿಳಿದದ್ದು ಆಗಲೇ. ಅವರು ಒಂದು ಗಳಿಗೆ ಜಾರಿ ಉಳಿದ ಆಯುಷ್ಯವೆಲ್ಲ ಎದ್ದು ನಿಲ್ಲಲು ನೋಡಿದರು. ನಾನು ಗೊತ್ತಿದ್ದೂ, ಮಾತು ಕೊಟ್ಟೂ ಜಾರಿದೆ.

ಸಭೆಯ ನಂತರ ಸ್ಟಾಫ್ ರೂಮಿನಲ್ಲಿ ಕಾಫಿ ಇತ್ತು. ಅಕ್ಕನಿಗೆ ಮುಖ ತೋರಿಸದೆ ಹೊರಟುಬಿಡಬೇಕೆಂದಿದ್ದೆ. ಅವರೇ ಕರೆದು ಲೋಟ ಕೊಟ್ಟರು. ತೆಗೆದುಕೊಳ್ಳುವಾಗ ನನ್ನ ಬೆರಳು ನೋಡಿದರು. ಜೇಬಿನೊಳಗೆ ಹಿಸುಕಿ ಹಿಸುಕಿ ಚಾಕ್‌ಪೀಸು ಪುಡಿಯಾಗಿ ಕೈಯೆಲ್ಲ ಬೆಳ್ಳಗಾಗಿತ್ತು.

"ತಂದಿದ್ರಿ. ಹೇಳ್ಲಿಲ್ಲ."

ನಾನು ತಲೆ ತಗ್ಗಿಸಿದೆ. ನಿಮಗೆ ನೋವಾಗತ್ತೆ ಅಂತ ಅಕ್ಕ, ಅಂದೆ. ಹೆಣ್ಣೊಬ್ಬಳ ದುಃಖದ ಹಿಂದೆ ಅಡಗಿಕೊಂಡು ಆಡಿದ ಆ ಮಾತು ನನ್ನ ಕಿವಿಗೇ ಕೆಟ್ಟದಾಗಿ ಕೇಳಿಸಿತು. ಅವರು ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ನನಗೆ ಸುಲಭವಾಗುತ್ತಿತ್ತು.

"ನಂಗೆ ಎಂತ ನೋವು. ಸುಳ್ಳು ಹೇಳಿದೆ ಅಂತ ಅವರಿಗೆ ನಾಚಿಕೆ ಇತ್ತು, ಅದು ಅವರ ಪಾಡು. ನಾ ಕಾಯ್ತಿದ್ದಿದ್ದು ಬೇರೆಗೆ. ಅಷ್ಟು ವರ್ಷ ಬೇರೆಯವರು ಚಂದ್ರನಲ್ಲಿಗೆ ಹೋದ ಕಥೆ ಹೇಳಿದ್ರು. ತಾವು ಅಂತ ಕಟ್ಟಿದ್ದು ಅದೊಂದೇ, ಎರಡು ಸಾಲು. ಅದನ್ನೂ ನೀವೆಲ್ಲ ಸೇರಿ ಯಾರೋ ಹಳಬರಿಗೆ ಕೊಟ್ಬಿಟ್ರಿ."

ನಾನು ಕನ್ನಡ ಪಂಡಿತ. ಕವಿ ಯಾರು, ಕಾವ್ಯ ಯಾವುದು ಎಂದು ಮಕ್ಕಳಿಗೆ ಹೇಳಿಕೊಟ್ಟೇ ಅನ್ನ ಉಂಡವನು. ಸತ್ಯ ಹೇಳಿದರೆ ಮೇಷ್ಟ್ರು ಸಣ್ಣವರಾಗುತ್ತಾರೆ ಎಂದು ಹೆದರಿದೆನೇ ಹೊರತು, ಹೇಳಿದರೆ ಅವರು ಕವಿಯಾಗುತ್ತಾರೆ ಎಂಬುದು ಒಮ್ಮೆಯೂ ಹೊಳೆಯಲಿಲ್ಲ. ಅವರು ಅಷ್ಟು ಇಷ್ಟಪಟ್ಟ ಹೆಬ್ಬಾತಿನವನು, ಇಬ್ಬನಿಯವನು, ಹಡಗಿನವನು ಕೂತ ಸಾಲಿನಲ್ಲಿ ಶರಾವತಿಯ ಒಬ್ಬ ಅಂಬಿಗನನ್ನು ತಂದು ಕೂರಿಸಿದವರು ಅವರು. ಹಿನ್ನೀರನ್ನು ಕಣ್ಣಿಂದ ಕಂಡವರಷ್ಟೇ ಬರೆಯಬಹುದಾದ ಶ್ಲೋಕ ಅದು. ಮುಳುಗಿದ ಊರುಗಳ ಮೇಲೆ ನಿಂತ ನೀರಿನಲ್ಲಿ ಒಂದು ದಾರಿ ಇದೆ ಎಂದು ಯಾವ ಪ್ರಾಚೀನನೂ ಹೇಳಿಲ್ಲ. ಹೇಳಿದ್ದು ನಮ್ಮ ಮೇಷ್ಟ್ರು.

ಮನೆಗೆ ಬಂದ ಮೇಲೆ ಹಳೆಯ ವಿದ್ಯಾರ್ಥಿಗಳಿಗೆ ಫೋನ್ ಮಾಡಿದೆ. ಶ್ಲೋಕದ ಕೆಳಗೆ ಅದನ್ನು ಕಟ್ಟಿದವರ ಹೆಸರು ಬರಬೇಕು, ಪ್ರಾಚೀನ ಅನ್ನುವ ಮಾತು ಹೋಗಬೇಕು ಅಂದೆ. ಸಭೆಯಲ್ಲಿ ನೀವೇ ಪೂರ್ವಜರು ಅಂದ್ರಲ್ಲ ಸಾರ್, ವಿಡಿಯೋ ಇದೆ, ಅಂದರು. ಹೌದು, ಇದೆ. ಈಗ ಅದೂ ಫೋನಿಂದ ಫೋನಿಗೆ ಹೋಗುತ್ತಿದೆ. ಮೇಷ್ಟ್ರಿಗಾದರೂ ತಮ್ಮೊಂದು ಸುಳ್ಳನ್ನು ಅಟ್ಟಿಸಿಕೊಂಡು ಹೋಗುವುದಿತ್ತು. ನನ್ನ ಪಾಲಿಗೆ ಎರಡು ಬಂದಿವೆ.

ಕಲ್ಲು ಇನ್ನೂ ಕೆತ್ತುವವನ ಅಂಗಳದಲ್ಲೇ ಇದೆಯಂತೆ. ನಾಳೆ ಅಲ್ಲಿಗೆ ಹೊರಟಿದ್ದೇನೆ, ಅಕ್ಕನೂ ಬರುತ್ತೇನೆ ಅಂದಿದ್ದಾರೆ. ಇಲ್ಲಿ ಮೇಷ್ಟ್ರ ಹೆಸರು ಬರೆದಿಲ್ಲ. ಅದು ಮೊದಲು ಆ ಕಲ್ಲಿನ ಮೇಲೆ ಬರಲಿ, ಆಮೇಲೆ ನಾನು ಬರೆಯುತ್ತೇನೆ. ಓದಿದವರು ಇದನ್ನೂ ತಾಳಮದ್ದಳೆಯವನ ಚಮತ್ಕಾರ ಅನ್ನಬಹುದು, ಸೋತವನ ಹೊಟ್ಟೆಕಿಚ್ಚು ಅನ್ನಬಹುದು. ಅನ್ನಲಿ. ಇದನ್ನು ಬರೆಯುವಾಗ ನನ್ನ ಕಿವಿಯ ಮೇಲೆ ಚಾಕ್‌ಪೀಸು ಇಲ್ಲ.